ಪಗಾರ ಯಾಕ ನಿಂತೈತಿ?

(ಕೊಪ್ಪಳದಲ್ಲಿ ವಿಕಲಚೇತನರು, ಅವರ ಮನೆಯವರು ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು.

ನಮ್ಮ ಭಾಗದಲ್ಲಿ ಮಾಸಾಶನ ಎಂಬ ಮಾತು ಕಾಗದದ ಮೇಲಷ್ಟೇ ಇದೆ. ಬಾಯಲ್ಲಿ ಇರುವುದು ಪಗಾರ. ಮುದುಕರ ಪಗಾರ, ವಿಧವಾ ಪಗಾರ, ಅಂಗವಿಕಲರ ಪಗಾರ. ಎರಡು ತಿಂಗಳು ಬರಲಿಲ್ಲವೆಂದರೆ ಜನ ನಾಡಕಚೇರಿಗೆ ಹೋಗಿ "ಪಗಾರ ನಿಂತೈತ್ರಿ" ಅನ್ನುತ್ತಾರೆ. ಅಲ್ಲಿಂದ ಬರುವ ಉತ್ತರ ಒಂದೋ "ಮ್ಯಾಲಿಂದನ ನಿಂತೈತಿ", ಇಲ್ಲವೇ "ಹೊಸ ಅರ್ಜಿ ಹಾಕ್ರಿ". ಮೊದಲನೆಯದು ಉತ್ತರವೇ ಅಲ್ಲ. ಎರಡನೆಯದು ಅನೇಕ ಸಲ ನಷ್ಟದ ದಾರಿ. ಯಾಕೆ ಅನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಹಿಂದೆ ಪೋಸ್ಟ್‌ಮನ್ ಮನಿಯಾರ್ಡರ್ ತರುತ್ತಿದ್ದ ಕಾಲದಲ್ಲಿ ಅವನಿಗೆ ಮನುಷ್ಯ ಗೊತ್ತಿದ್ದ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೂ ಹಣ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಿದ್ದ. ಅವನು ನಡುವೆ ಎಷ್ಟು ಹಿಡಿದುಕೊಳ್ಳುತ್ತಿದ್ದ ಅನ್ನುವುದು ಬೇರೆ ಮಾತು. ಈಗ ಮನುಷ್ಯನನ್ನು ಗುರುತಿಸುವುದು ನಾಲ್ಕು ದಾಖಲೆಗಳು: ವೈಕಲ್ಯದ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ. ಈ ನಾಲ್ಕು ಒಂದಕ್ಕೊಂದು ಹೊಂದಿಕೊಂಡು ಇರುವವರೆಗೆ ಹಣ ಬರುತ್ತದೆ. ಎಲ್ಲಿಯೋ ಒಂದು ಕಡೆ ಹೊಂದಿಕೆ ತಪ್ಪಿದರೆ, ಕಾಲು ಇಲ್ಲದವರಿಗೆ ಕಾಲು ಬಂದಿಲ್ಲದಿದ್ದರೂ ಪಗಾರ ನಿಲ್ಲುತ್ತದೆ. ಆದ್ದರಿಂದ ಮೊದಲು ಕೇಳಬೇಕಾದದ್ದು "ಯಾವಾಗ ಬರ್ತೈತಿ" ಅಂತಲ್ಲ, "ಎಲ್ಲಿ ನಿಂತೈತಿ" ಅಂತ.

ಮೊತ್ತ ಎಷ್ಟು ಅನ್ನುವುದನ್ನು ಮೊದಲು ಹೇಳಿಬಿಡೋಣ. 2021ರ ಜುಲೈ ಕೊನೆಯಲ್ಲಿ ರಾಜ್ಯ ಸರ್ಕಾರ ಶೇ 40ರಿಂದ 75ರವರೆಗಿನ ವೈಕಲ್ಯಕ್ಕೆ ಇದ್ದ ₹600 ಅನ್ನು ₹800 ಮಾಡಿತು. ವಿಧವಾ ವೇತನವೂ ₹600ರಿಂದ ₹800 ಆಯಿತು. 65 ದಾಟಿದವರ ಸಂಧ್ಯಾ ಸುರಕ್ಷಾ ₹1,000ದಿಂದ ₹1,200ಕ್ಕೆ ಏರಿತು. ಶೇ 75 ದಾಟಿದ ವೈಕಲ್ಯಕ್ಕೆ ₹1,400. ಬುದ್ಧಿಮಾಂದ್ಯತೆ ಶೇ 75 ದಾಟಿದ್ದರೆ ₹2,000. ಕೇಂದ್ರದ ಪಾಲೂ ಒಂದಿದೆ. 2009ರಲ್ಲಿ ಶುರುವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆ ಬಡತನ ರೇಖೆಗಿಂತ ಕೆಳಗಿರುವ, ಶೇ 80 ಮತ್ತು ಮೇಲ್ಪಟ್ಟ ವೈಕಲ್ಯದ 18 ದಾಟಿದವರಿಗೆ. ಅದರಲ್ಲಿ ಕೇಂದ್ರ ಕೊಡುವುದು ತಿಂಗಳಿಗೆ ₹300, ಎಂಬತ್ತು ವರ್ಷ ದಾಟಿದ ಮೇಲೆ ₹500. 2012ರಲ್ಲಿ ₹200 ಇದ್ದದ್ದು ₹300 ಆಯಿತು, ಅಲ್ಲಿಗೇ ನಿಂತಿತು. ಈ ಮುನ್ನೂರು ಬೇರೆಯಾಗಿ ಕೈಗೆ ಬರುವುದಿಲ್ಲ, ರಾಜ್ಯ ಕೊಡುವ ಮೊತ್ತದ ಒಳಗೇ ಇರುತ್ತದೆ. "ಕೇಂದ್ರದ್ದು ಬ್ಯಾರೆ ಬರಬೇಕಲ್ಲ" ಎಂದು ಅಲೆದಾಡಬೇಡಿ.

ಈಗ ಈ ಅಂಕಿಗಳ ಪಕ್ಕದಲ್ಲಿ ಕಾನೂನಿನ ಒಂದು ಸಾಲು ಇಟ್ಟು ನೋಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 24ನೇ ಕಲಮು, ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ವಿಕಲಚೇತನರಿಗೆ ಕೊಡುವ ನೆರವು ಉಳಿದವರಿಗೆ ಇರುವ ಅದೇ ಬಗೆಯ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಅನ್ನುತ್ತದೆ. ಸಂಧ್ಯಾ ಸುರಕ್ಷಾ ₹1,200. ಅದರ ಮೇಲೆ ಶೇ 25 ಅಂದರೆ ₹1,500. ಶೇ 60 ವೈಕಲ್ಯ ಇರುವವರಿಗೆ ಸಿಗುತ್ತಿರುವುದು ₹800, ಶೇ 90 ಇದ್ದವರಿಗೆ ₹1,400. ಎರಡೂ ಆ ಗೆರೆಯ ಕೆಳಗೇ ಇವೆ. ಅದೇ ಕಲಮಿನಲ್ಲಿ "ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ" ಎಂಬ ಮಾತೂ ಇದೆ, "ಅದೇ ಬಗೆಯ ಯೋಜನೆ" ಯಾವುದು ಅನ್ನುವ ವಾದವೂ ಬರುತ್ತದೆ. ಆದರೂ ಮನವಿ ಬರೆಯುವ ಸಂಘದವರು "ಹೆಚ್ಚು ಮಾಡಿ ಸ್ವಾಮಿ" ಎಂದು ಬರೆಯುವ ಬದಲು ಈ ಕಲಮಿನ ಸಂಖ್ಯೆ ಹಾಕಿ ಈ ಲೆಕ್ಕ ಬರೆಯಬೇಕು. ಕೇಳುತ್ತಿರುವುದು ದಯೆಯನ್ನಲ್ಲ.

ಇದರಿಂದ ಇನ್ನೊಂದು ಕೆಲಸದ ಮಾತು ಹೊರಡುತ್ತದೆ. ಒಬ್ಬರಿಗೆ ಒಂದೇ ಮಾಸಾಶನ. ಶೇ 50 ವೈಕಲ್ಯದ ₹800 ಪಡೆಯುತ್ತಿರುವವರಿಗೆ 65 ತುಂಬಿದರೆ ₹1,200ರ ಸಂಧ್ಯಾ ಸುರಕ್ಷಾ ಲಾಭ. ಶೇ 80 ವೈಕಲ್ಯ ಇರುವ ವಿಧವೆ ₹800ರ ವಿಧವಾ ವೇತನದಲ್ಲಿ ಇದ್ದರೆ ₹1,400ಕ್ಕೆ ಬದಲಾಗಬೇಕು. ಇಂಥ ಬದಲಾವಣೆ ತಾನಾಗಿ ಆಗುವುದಿಲ್ಲ, ಕೇಳಿದರೆ ಮಾತ್ರ. ಬದಲಾಯಿಸುವಾಗ ಹಳೆಯದನ್ನು ಮೊದಲು ರದ್ದು ಮಾಡಿಸಿ ಬಂದು ಆಮೇಲೆ ಹೊಸದಕ್ಕೆ ಕಾಯುತ್ತ ಕೂರಬೇಡಿ. ಎರಡೂ ಮನವಿ ಒಂದೇ ಕಾಗದದಲ್ಲಿ, ಒಂದೇ ದಿನ ಕೊಡಿ.

ಪ್ರಮಾಣಪತ್ರದ ಶೇಕಡಾ

2016ರ ಕಾಯ್ದೆಯಲ್ಲಿ ವೈಕಲ್ಯದ ಬಗೆಗಳು 21. ಹಿಂದಿನ 1995ರ ಕಾಯ್ದೆಯಲ್ಲಿ ಏಳು ಇದ್ದವು. ಥಲಸೇಮಿಯಾ, ಕುಸುಮರೋಗ ಅಂದರೆ ಹಿಮೋಫಿಲಿಯಾ, ಸಿಕಲ್ ಸೆಲ್, ಆಟಿಸಂ, ಕುಬ್ಜತೆ, ಆ್ಯಸಿಡ್ ದಾಳಿಗೆ ಒಳಗಾದವರು, ಪಾರ್ಕಿನ್ಸನ್ಸ್ ಎಲ್ಲ ಈಗ ಸೇರಿವೆ. ಕುಷ್ಟಗಿ, ಯಲಬುರ್ಗಾ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಬೆನ್ನು, ಮೊಣಕಾಲು ಬಾಗಿ ಸೆಟೆದುಕೊಂಡವರು "ಇದು ವಯಸ್ಸಿನ ನೋವು" ಎಂದು ಸುಮ್ಮನಿರುತ್ತಾರೆ. ನಡೆಯಲು, ಬಾಗಲು ಆಗದಷ್ಟು ಆಗಿದ್ದರೆ ಅದು ಚಲನ ವೈಕಲ್ಯ, ಅಳೆಸಿಕೊಳ್ಳಬೇಕು.

2021ರ ಜೂನ್ 1ರಿಂದ ವೈಕಲ್ಯ ಪ್ರಮಾಣಪತ್ರ ಆನ್‌ಲೈನ್‌ನಲ್ಲಿ ಮಾತ್ರ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಫೋಟೊ, ಆಧಾರ್, ವಿಳಾಸದ ದಾಖಲೆ ಸೇರಿಸಿ, ಆಸ್ಪತ್ರೆ ಆರಿಸಿಕೊಳ್ಳಬೇಕು. ಬರುವ ನೋಂದಣಿ ಸಂಖ್ಯೆಯ ಕಾಗದ ಹಿಡಿದು ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಅಳತೆಯಾಗಿ ವೈದ್ಯರ ಸಹಿಯಾದ ಮೇಲೆ ಪ್ರಮಾಣಪತ್ರ ಮತ್ತು ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡು. ಕಾರ್ಡಿನ ಬಣ್ಣ ನೋಡಿದರೆ ಗೊತ್ತಾಗುತ್ತದೆ: ಶೇ 40ಕ್ಕಿಂತ ಕಡಿಮೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಿಳಿ ಕಾರ್ಡು ಹಿಡಿದು ಮಾಸಾಶನಕ್ಕೆ ಅಲೆದರೆ ಸಿಗುವುದಿಲ್ಲ, ಯಾರು ಎಷ್ಟು ರೊಕ್ಕ ಕೇಳಿದರೂ ಕೊಡಬೇಡಿ.

2024ರ ಅಕ್ಟೋಬರ್‌ನಲ್ಲಿ ಈ ಕಾಯ್ದೆಯ 2017ರ ನಿಯಮಗಳಿಗೆ ತಿದ್ದುಪಡಿ ಬಂತು. ಅದರಲ್ಲಿ ಎರಡು ಅಂಶ ನಮಗೆ ತಾಗುತ್ತವೆ. ಪ್ರಮಾಣಪತ್ರ ಕೊಡಲು ಮೊದಲು ಒಂದು ತಿಂಗಳ ಗಡುವಿತ್ತು, ಅದು ಮೂರು ತಿಂಗಳಾಯಿತು. ಅರ್ಜಿ ಹಾಕಿ ಆಸ್ಪತ್ರೆಗೆ ಹೋಗದೆ ಎರಡು ವರ್ಷ ಕಳೆದರೆ ಅರ್ಜಿಯೇ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ. ಅಂಗಡಿಯಲ್ಲಿ ಅರ್ಜಿ ಹಾಕಿಸಿ, ಆ ರಸೀದಿಯನ್ನೇ ಕಾರ್ಡು ಎಂದು ತಿಳಿದು ಟ್ರಂಕಿನಲ್ಲಿ ಇಟ್ಟವರು ಬಹಳ ಜನ ಇದ್ದಾರೆ. ಪುನರ್ವಸತಿ ಕಾರ್ಯಕರ್ತರು ನಿಮ್ಮ ಪಂಚಾಯಿತಿಯಲ್ಲಿ ಇಂಥ ರಸೀದಿಗಳನ್ನು ಈ ತಿಂಗಳೇ ತೆಗೆಸಿ ನೋಡಿ.

ಆಸ್ಪತ್ರೆಗೆ ಹೋಗುವ ಮೊದಲು ಯಾವ ವೈದ್ಯರು ಯಾವ ದಿನ ಕೂರುತ್ತಾರೆ ಎಂದು ಕೇಳಿ ಹೋಗಿ. ಕಿವಿಯ ವೈಕಲ್ಯಕ್ಕೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಆಡಿಯೋಗ್ರಾಂ ಬೇಕು, ಸಣ್ಣ ಮಕ್ಕಳಿಗೆ ಶಬ್ದಕ್ಕೆ ಮಿದುಳಿನ ಸ್ಪಂದನೆ ನೋಡುವ ಬೆರಾ ಪರೀಕ್ಷೆ ಬೇಕು. ಬುದ್ಧಿಮಾಂದ್ಯತೆಗೆ ಮನಃಶಾಸ್ತ್ರಜ್ಞರ ಪರೀಕ್ಷೆ ಆಗಬೇಕು. ಇವು ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಕೊಪ್ಪಳದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯೇ ಗತಿ. ಕನಕಗಿರಿಯಿಂದ ಒಂದು ದಿನದ ಕೂಲಿ ಬಿಟ್ಟು ಮಗುವನ್ನು ಎತ್ತಿಕೊಂಡು ಬಂದವರಿಗೆ "ಇವತ್ತು ಡಾಕ್ಟ್ರು ಇಲ್ಲ" ಅನ್ನಿಸಿಕೊಳ್ಳುವಂತಾಗಬಾರದು.

ಶೇಕಡಾ ಹೇಗೆ ಬರುತ್ತದೆ ಅನ್ನುವುದರಲ್ಲಿ ಜಗಳವೇ ಹೆಚ್ಚು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಶೇ 30. ಮಾಸಾಶನ ಇಲ್ಲ. ಇದು ವೈದ್ಯರ ಮುನಿಸಲ್ಲ, ಕೋಷ್ಟಕದಲ್ಲೇ ಹಾಗಿದೆ. ಕಿವುಡು ಅಂದರೆ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ಮತ್ತು ಹೆಚ್ಚಿನ ನಷ್ಟ, 60ರಿಂದ 70 ಇದ್ದರೆ ಮಂದಶ್ರವಣ. ಒಂದೇ ಕಿವಿ ಕೇಳದಿದ್ದರೆ ಕಾಯ್ದೆಯ ವ್ಯಾಖ್ಯೆಗೆ ಬರುವುದಿಲ್ಲ. ಎರಡು ಬಗೆಯ ವೈಕಲ್ಯ ಇದ್ದರೆ ಕೂಡಿಸಿಬಿಡುತ್ತಾರೆ ಎಂದು ಜನ ತಿಳಿಯುತ್ತಾರೆ. ಕಾಲಿಗೆ 50, ಕಣ್ಣಿಗೆ 30, ಒಟ್ಟು 80, ನೀಲಿ ಕಾರ್ಡು! ಹಾಗಲ್ಲ. ಸೂತ್ರ ಹೀಗಿದೆ: ದೊಡ್ಡದನ್ನು ಹಾಗೇ ಇಡುತ್ತಾರೆ, 90ರಲ್ಲಿ ಅದನ್ನು ಕಳೆದು ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ 90ರಿಂದ ಭಾಗಿಸಿ ಸೇರಿಸುತ್ತಾರೆ. 90ರಲ್ಲಿ 50 ಹೋದರೆ 40. ನಲವತ್ತನ್ನು 30ರಿಂದ ಗುಣಿಸಿ 90ರಿಂದ ಭಾಗಿಸಿದರೆ 13ರ ಮೇಲೆ ಸ್ವಲ್ಪ. ಒಟ್ಟು ಸುಮಾರು 63. ಹಳದಿ ಕಾರ್ಡು, ₹800. ಈ ಲೆಕ್ಕವನ್ನು ಮನೆಯವರಿಗೆ ಮೊದಲೇ ಹೇಳಿದರೆ ಆಸ್ಪತ್ರೆಯ ಬಾಗಿಲಲ್ಲಿ "ರೊಕ್ಕ ಕೊಟ್ಟಿದ್ರೆ ಎಂಬತ್ತು ಬರೀತಿದ್ರು" ಎಂಬ ಮಾತು ಸ್ವಲ್ಪ ಕಡಿಮೆಯಾಗುತ್ತದೆ. ಸುಳ್ಳು ಶೇಕಡಾ ಬರೆಸಿಕೊಂಡವರಿಗೆ ಇದೇ ಕಾಯ್ದೆಯ 91ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ ಎಂಬುದನ್ನೂ ಹೇಳಿಬಿಡಿ.

ಬುದ್ಧಿಮಾಂದ್ಯತೆಯ ಕೋಷ್ಟಕ ಬೇರೆ. ಅಲ್ಪ ಪ್ರಮಾಣ ಶೇ 50, ಮಧ್ಯಮ 75, ತೀವ್ರ 90, ಅತಿ ತೀವ್ರ 100. ಮಾಸಾಶನದ ಗೆರೆಯೂ 75ರಲ್ಲೇ ಇರುವುದರಿಂದ ಮಧ್ಯಮ ಎಂದು ಬಂದ ಮಕ್ಕಳು ಸರಿಯಾಗಿ ಗೆರೆಯ ಮೇಲೆ ನಿಲ್ಲುತ್ತಾರೆ. ಇಂಥವರ ಮಂಜೂರಾತಿ ಆದೇಶದಲ್ಲಿ ಯಾವ ಮೊತ್ತ ಬರೆದಿದೆ ಎಂದು ಓದಿಸಿ ನೋಡಿ.

ಈ ಮಕ್ಕಳ ಪ್ರಮಾಣಪತ್ರದಲ್ಲಿ ಮತ್ತೊಂದು ತೊಡಕು ಇದೆ, ನಮ್ಮ ಜಿಲ್ಲೆಯಂಥ ಕಡೆ ಮಾಸಾಶನ ನಿಲ್ಲುವುದಕ್ಕೆ ಇದು ದೊಡ್ಡ ಕಾರಣ. ಐದು ವರ್ಷದೊಳಗಿನ ಮಕ್ಕಳಿಗೆ ಬೆಳವಣಿಗೆಯ ಕುಂಠಿತ ಎಂದು ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಆಮೇಲೆ 5, 10 ಮತ್ತು 18ನೇ ವಯಸ್ಸಿಗೆ ಮತ್ತೆ ಅಳೆಯಬೇಕು, 18ರ ನಂತರದ್ದು ಶಾಶ್ವತ. ಪ್ರಮಾಣಪತ್ರದ ಕೆಳಗೆ ಇಂಗ್ಲಿಷಿನಲ್ಲಿ ಇಂಥ ತಾರೀಖಿನವರೆಗೆ ಎಂದು ಬರೆದಿರುತ್ತದೆ. ಓದುವವರು ಯಾರೂ ಇರುವುದಿಲ್ಲ. ತಾರೀಖು ದಾಟಿದ ತಿಂಗಳು ಹಣ ನಿಲ್ಲುತ್ತದೆ, ಮನೆಯವರು ಬ್ಯಾಂಕಿಗೆ ಹೋಗಿ ಜಗಳವಾಡುತ್ತಾರೆ. ಕಾರ್ಯಕರ್ತರು ಒಂದು ನೋಟುಬುಕ್ಕಿನಲ್ಲಿ ನಿಮ್ಮ ಪಂಚಾಯಿತಿಯ ಪ್ರತಿ ಮಗುವಿನ ಮುಂದೆ ಆ ತಾರೀಖು ಬರೆದುಕೊಂಡು, ಮೂರು ತಿಂಗಳು ಮೊದಲೇ ಅರ್ಜಿ ಹಾಕಿಸಿದರೆ ಈ ತೊಡಕು ಮುಗಿಯಿತು. ಆಸ್ಪತ್ರೆಗೆ ಈಗ ಮೂರು ತಿಂಗಳ ಗಡುವು ಇದೆ ಅನ್ನುವುದು ನೆನಪಿರಲಿ.

ಹದಿನೆಂಟು ತುಂಬುವ ವರ್ಷದಲ್ಲಿ ಎಲ್ಲವೂ ಒಟ್ಟಿಗೆ ಬೀಳುತ್ತದೆ. ಪ್ರಮಾಣಪತ್ರ ಹೊಸದಾಗಬೇಕು. 15ರಲ್ಲಿ ಆಧಾರ್‌ನ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕಿತ್ತು, ಅದು ಆಗಿರುವುದಿಲ್ಲ. ಬ್ಯಾಂಕಿನ ಖಾತೆ ತಾಯಿಯ ಪಾಲಕತ್ವದಲ್ಲಿ ಇರುತ್ತದೆ, ಮಗನಿಗೆ ವಯಸ್ಸು ತುಂಬಿದ ಕಾರಣ ಬ್ಯಾಂಕಿನವರು ಅವನದೇ ಸಹಿ ಕೇಳುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಕಾನೂನು ಪಾಲಕರನ್ನು ನೇಮಿಸುತ್ತದೆ. ತಂದೆ ತಾಯಿ ಇದ್ದರೂ 18 ದಾಟಿದ ಮೇಲೆ ಆ ಆದೇಶ ಬೇಕು. ನ್ಯಾಯಾಲಯಕ್ಕೆ ಹೋಗುವ ಅಗತ್ಯವಿಲ್ಲ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ.

1995ರ ಕಾಯ್ದೆಯ ಕಾಲದ ಹಳೆಯ ಪ್ರಮಾಣಪತ್ರ ಇರುವವರಿಗೆ ಒಂದು ಮಾತು. ಆ ಪತ್ರದಲ್ಲಿ ಬರೆದ ಅವಧಿಯವರೆಗೆ ಅದು ಊರ್ಜಿತ ಎಂದು 2017ರ ನಿಯಮಗಳಲ್ಲೇ ಇದೆ. "ಹಳೇದು ನಡೆಯಂಗಿಲ್ಲ" ಎಂದು ಯಾರಾದರೂ ಮಾಸಾಶನ ರದ್ದು ಮಾಡಿದರೆ ಇದನ್ನು ತೋರಿಸಬಹುದು. ಹಾಗಂತ ಯುಡಿಐಡಿ ಮಾಡಿಸದೆ ಇರಬೇಡಿ, ಕೇಂದ್ರದ ಯೋಜನೆಗಳಿಗೆ 2023ರ ಏಪ್ರಿಲ್‌ನಿಂದ ಅದನ್ನೇ ಕೇಳುತ್ತಿದ್ದಾರೆ.

ಮೂವತ್ತೆರಡು ಸಾವಿರದ ಗೆರೆ

ಮಾಸಾಶನಕ್ಕೆ ಕುಟುಂಬದ ವಾರ್ಷಿಕ ಆದಾಯ ₹32,000 ಮೀರಬಾರದು. ಬಿಪಿಎಲ್ ಕಾರ್ಡಿಗೆ ಇರುವ ಮಿತಿ ₹1.20 ಲಕ್ಷ. ಎರಡನ್ನೂ ಒಂದೇ ಎಂದು ತಿಳಿದು ಮೋಸ ಹೋಗುವವರು ಬಹಳ. ಬಿಪಿಎಲ್ ಕಾರ್ಡು ಇದ್ದ ಮಾತ್ರಕ್ಕೆ ಮಾಸಾಶನದ ಗೆರೆಯೊಳಗೆ ಇದ್ದೀರಿ ಅಂತಲ್ಲ.

ಆ ಮಿತಿ ಎಷ್ಟು ಕೃತಕ ಅನ್ನುವುದಕ್ಕೆ ಸರ್ಕಾರದ್ದೇ ಲೆಕ್ಕ ತೆಗೆದುಕೊಳ್ಳಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370. ಒಂದು ಕುಟುಂಬ 87 ದಿನ ದುಡಿದರೆ ₹32,190, ಗೆರೆ ದಾಟಿತು. ಆ ಯೋಜನೆ ಕೊಟ್ಟಿದ್ದ ಪೂರ್ತಿ ನೂರು ದಿನದ ಹಕ್ಕು ಬಳಸಿದರೆ ₹37,000. ಅಂದರೆ ಒಂದು ಇಲಾಖೆ ಕೊಟ್ಟ ಹಕ್ಕನ್ನು ಪೂರ್ತಿ ಬಳಸಿದವನು ಇನ್ನೊಂದು ಇಲಾಖೆಯ ಲೆಕ್ಕದಲ್ಲಿ ಬಡವನಲ್ಲ! ಹೀಗಾಗಿಯೇ ಆದಾಯ ಪ್ರಮಾಣಪತ್ರಗಳಲ್ಲಿ ಎಲ್ಲರ ಆದಾಯವೂ ಮೂವತ್ತೆರಡು ಸಾವಿರದ ಕೆಳಗೆ ಇರುತ್ತದೆ, ಎಲ್ಲರೂ ಕಣ್ಣು ಮುಚ್ಚಿಕೊಂಡಿರುತ್ತಾರೆ. ಮೊದಲು ಇದರಿಂದ ತೊಂದರೆ ಆಗುತ್ತಿರಲಿಲ್ಲ, ಯಾಕೆಂದರೆ ದಾಖಲೆಗಳು ಒಂದನ್ನೊಂದು ನೋಡುತ್ತಿರಲಿಲ್ಲ. ಈಗ ರಾಜ್ಯದ ಕುಟುಂಬ ತಂತ್ರಾಂಶ ಪಡಿತರ ಚೀಟಿಯ ಸಂಖ್ಯೆಯನ್ನೇ ಕುಟುಂಬದ ಗುರುತಾಗಿ ಇಟ್ಟುಕೊಂಡು ಎಲ್ಲ ಇಲಾಖೆಯ ದಾಖಲೆಗಳನ್ನು ಜೋಡಿಸುತ್ತದೆ. ಅನರ್ಹರನ್ನು ತೆಗೆಯುವ ಪರಿಶೀಲನೆಗೆ ಬಳಸುವುದೂ ಇಂಥ ಜೋಡಣೆಯನ್ನೇ.

ಸಿಕ್ಕಿಬೀಳುವುದು ಹೇಗೆ ಅಂದರೆ ಹೀಗೆ. ಅಂಗವಿಕಲ ತಮ್ಮನಿಗೆ ಮಾಸಾಶನ ಬರುತ್ತಿರುತ್ತದೆ. ಅಣ್ಣನ ಮಗಳ ವಿದ್ಯಾರ್ಥಿವೇತನಕ್ಕೆ ಅಥವಾ ಸಾಲಕ್ಕೆ ಎಂದು ಅಣ್ಣ ಎಂಬತ್ತು ಸಾವಿರದ ಆದಾಯ ಪ್ರಮಾಣಪತ್ರ ಮಾಡಿಸುತ್ತಾನೆ. ಎಲ್ಲರೂ ಒಂದೇ ಪಡಿತರ ಚೀಟಿಯಲ್ಲಿ ಇರುತ್ತಾರೆ. ಆದಾಯ ಪ್ರಮಾಣಪತ್ರ ಐದು ವರ್ಷ ಊರ್ಜಿತ, ಅದೇ ನಾಡಕಚೇರಿಯ ತಂತ್ರಾಂಶದಲ್ಲಿ ಇರುತ್ತದೆ. ಪರಿಶೀಲನೆಯಲ್ಲಿ ತಮ್ಮನ ಹೆಸರಿನ ಮುಂದೆ ಎಂಬತ್ತು ಸಾವಿರ ಕಾಣುತ್ತದೆ. ಮದುವೆಯಾಗಿ ನಿಜವಾಗಿಯೂ ಬೇರೆ ಒಲೆ ಹಚ್ಚಿದ ಕುಟುಂಬವಾದರೆ ಪಡಿತರ ಚೀಟಿಯನ್ನು ಪ್ರತ್ಯೇಕ ಮಾಡಿಸಿಕೊಳ್ಳುವುದು ಇದಕ್ಕೆ ನೇರ ಪರಿಹಾರ. ಮಾಸಾಶನಕ್ಕಾಗಿಯೇ ಕಾಗದದ ಮೇಲೆ ಬೇರೆಯಾಗುವುದು ಇನ್ನೊಂದು ಸುಳ್ಳಿಗೆ ದಾರಿ, ಅದು ಸ್ಥಳ ತನಿಖೆಯಲ್ಲಿ ಬೀಳುತ್ತದೆ.

ಮಗನಿಗೆ ಪಗಾರ ಇದ್ದರೆ ತಮಗೆ ಗೃಹಲಕ್ಷ್ಮಿಯ ₹2,000 ಸಿಗುವುದಿಲ್ಲವೆಂದು ಹೆದರುವ ತಾಯಂದಿರು ಇದ್ದಾರೆ. ಆ ಯೋಜನೆಗೆ ಅಡ್ಡಿ ಇರುವುದು ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾದರೆ. ಮನೆಯಲ್ಲಿ ಒಬ್ಬರಿಗೆ ಅಂಗವಿಕಲ ಮಾಸಾಶನ ಇದೆ ಅನ್ನುವುದು ಅಡ್ಡಿಯಲ್ಲ.

ಹಣ ಹೋದದ್ದು ಯಾವ ಬ್ಯಾಂಕಿಗೆ

ಆದೇಶ ಸರಿ ಇದ್ದು, ಕಚೇರಿಯ ಕಂಪ್ಯೂಟರಿನಲ್ಲಿ "ಪಾವತಿಯಾಗಿದೆ" ಎಂದು ತೋರಿಸಿ, ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೆ? ಈಗ ಹಣ ಹೋಗುವುದು ಖಾತೆ ಸಂಖ್ಯೆ ಹಿಡಿದಲ್ಲ, ಆಧಾರ್ ಸಂಖ್ಯೆ ಹಿಡಿದು. ಒಂದು ಆಧಾರ್‌ಗೆ ಒಂದೇ ಬ್ಯಾಂಕು ಸರ್ಕಾರದ ಹಣ ಪಡೆಯುವ ಬ್ಯಾಂಕಾಗಿ ರಾಷ್ಟ್ರೀಯ ಪಾವತಿ ನಿಗಮ ಅಂದರೆ ಎನ್‌ಪಿಸಿಐ ಪಟ್ಟಿಯಲ್ಲಿ ಇರುತ್ತದೆ. ಕೊನೆಯ ಸಲ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟು ಜೋಡಿಸಿದ್ದೀರೋ ಅದೇ. ಗುಳೆ ಹೋದಾಗ ಬೆಂಗಳೂರಿನಲ್ಲಿ ಯಾರೋ ಮೊಬೈಲ್‌ನಲ್ಲಿ ಖಾತೆ ತೆರೆಸಿಕೊಟ್ಟಿರುತ್ತಾರೆ, ಅಂಚೆ ಬ್ಯಾಂಕಿನ ಶಿಬಿರದಲ್ಲಿ ಹೆಬ್ಬೆಟ್ಟು ಇಟ್ಟಿರುತ್ತಾರೆ, ಸಂಘದ ಸಾಲಕ್ಕೆ ಒಂದು ಖಾತೆ ಆಗಿರುತ್ತದೆ. ಹಣ ಆ ಖಾತೆಯಲ್ಲಿ ತಿಂಗಳು ತಿಂಗಳು ಬಿದ್ದಿರುತ್ತದೆ, ಹುಡುಕುವುದು ಹಳೆಯ ಪಾಸ್‌ಬುಕ್ಕಿನಲ್ಲಿ.

ಆಧಾರ್ ಬ್ಯಾಂಕಿಗೆ "ಲಿಂಕ್" ಆಗಿದೆ ಅನ್ನುವುದೂ, ಹಣ ಪಡೆಯಲು ಜೋಡಣೆಯಾಗಿದೆ ಅನ್ನುವುದೂ ಬೇರೆ ಬೇರೆ. ಕೌಂಟರಿನಲ್ಲಿ "ಲಿಂಕ್ ಆಗೈತಿ ಹೋಗ್ರಿ" ಅನ್ನುವುದು ಸಾಮಾನ್ಯವಾಗಿ ಮೊದಲನೆಯದರ ಮಾತು. ಎರಡನೆಯದು ಬೇಕಾದರೆ "ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಎಂದು ಆ ಹೆಸರು ಹಿಡಿದೇ ಕೇಳಿ, ಅದರ ಅರ್ಜಿ ತುಂಬಿ, ಸ್ವೀಕೃತಿ ಪಡೆಯಬೇಕು. ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ಮೈ ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಎರಡು ನಿಮಿಷದಲ್ಲಿ ನೋಡಬಹುದು. ಒಟಿಪಿ ಬರಬೇಕಾದರೆ ಆಧಾರ್‌ನಲ್ಲಿರುವ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು, ಅದು ಬಹುಪಾಲು ಯಾವಾಗಲೋ ಕಳೆದುಹೋದ ಸಿಮ್ಮಿನದು. ಆದ್ದರಿಂದ ಎಲ್ಲಕ್ಕೂ ಮೊದಲು ಆಧಾರ್ ಕೇಂದ್ರದಲ್ಲಿ ಮೊಬೈಲ್ ಸಂಖ್ಯೆ ಸರಿಮಾಡಿಸಿ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ಸಹಾಯವಾಣಿ 1947.

ಬ್ಯಾಂಕುಗಳ ವಿಲೀನ ನಮ್ಮಲ್ಲಿ ಗೊಂದಲ ಹೆಚ್ಚಿಸಿದೆ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಅಂದರೆ ಎಸ್‌ಬಿಎಚ್ 2017ರಲ್ಲಿ ಎಸ್‌ಬಿಐ ಆಯಿತು, ಸಿಂಡಿಕೇಟ್ 2020ರಲ್ಲಿ ಕೆನರಾ ಆಯಿತು, ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ರಾಜ್ಯಕ್ಕೊಂದೇ ಆಗಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿವೆ. ಇನ್ನೂ ಎಸ್‌ಬಿಎಚ್ ಪಾಸ್‌ಬುಕ್ಕು ಹಿಡಿದು ಬರುವವರಿದ್ದಾರೆ. ಅರ್ಜಿಗೆ ಲಗತ್ತಿಸುವ ಪಾಸ್‌ಬುಕ್ಕು ಹೊಸದಿರಲಿ.

ಹೆಸರಿನ ವಿಷಯ. ಹನಮವ್ವ, ಹನುಮವ್ವ, ಹನುಮಮ್ಮ ನಮಗೆ ಒಬ್ಬಳೇ ಹೆಂಗಸು, ಕಂಪ್ಯೂಟರಿಗೆ ಮೂವರು. ಕನ್ನಡದಲ್ಲಿ ಸರಿಯಿದ್ದರೂ ಇಂಗ್ಲಿಷ್ ಅಕ್ಷರದಲ್ಲಿ ಬರೆದವರು ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ. ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಅದನ್ನೇ ಮೂಲವಾಗಿಟ್ಟುಕೊಂಡು ಉಳಿದ ಮೂರನ್ನು ಅದಕ್ಕೆ ಹೊಂದಿಸಿ. ಯುಡಿಐಡಿ ಅರ್ಜಿ ಹಾಕುವಾಗ ಅಂಗಡಿಯ ಹುಡುಗ ತನಗೆ ತೋಚಿದಂತೆ ಟೈಪ್ ಮಾಡುತ್ತಾನೆ. ಪಕ್ಕದಲ್ಲಿ ಕುಳಿತು ಆಧಾರ್ ನೋಡಿ ಅಕ್ಷರ ಅಕ್ಷರ ಹೇಳಿ ಬರೆಸಿ.

ಹತ್ತಿ ಬಿಡಿಸುವವರು, ಇಟ್ಟಿಗೆ ಹೊರುವವರ ಬೆರಳಚ್ಚು ಸವೆದಿರುತ್ತದೆ. ಕುಷ್ಠದಿಂದ ಬೆರಳು ಕಳೆದುಕೊಂಡವರಿಗೆ ಬೆರಳಚ್ಚೇ ಇಲ್ಲ. ಕಣ್ಣಿನ ಗುರುತು, ಮುಖದ ಗುರುತು, ಒಟಿಪಿ ಇವೆಲ್ಲ ಬದಲಿ ದಾರಿಗಳು. ಬೆರಳಚ್ಚು ಬರಲಿಲ್ಲವೆಂಬ ಕಾರಣಕ್ಕೆ ಸೌಲಭ್ಯ ನಿರಾಕರಿಸಬಾರದು ಎಂದು ಯುಐಡಿಎಐ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಮುಖ ತೋರಿಸಿ ಕಣ್ಣು ಮಿಟುಕಿಸಿ ಅನ್ನುವ ಪರೀಕ್ಷೆಯಲ್ಲಿ ಅಂಧರು, ಆ್ಯಸಿಡ್ ದಾಳಿಯಲ್ಲಿ ಮುಖ ಸುಟ್ಟವರು ಸೋಲುತ್ತಿದ್ದರು. ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೌಲಭ್ಯಕ್ಕೆ ಪ್ರವೇಶ ಬದುಕುವ ಹಕ್ಕಿನ ಭಾಗ, ಗುರುತನ್ನು ಆನ್‌ಲೈನ್‌ನಲ್ಲಿ ಖಚಿತಪಡಿಸುವ ಇ-ಕೆವೈಸಿಗೆ ಇವರಿಗಾಗಿ ಬೇರೆ ದಾರಿ ಇರಬೇಕು ಎಂದು ನಿರ್ದೇಶನ ಕೊಟ್ಟಿದೆ. ಆ ತೀರ್ಪಿನ ತಾರೀಖು ಬರೆದು ಮನವಿ ಕೊಟ್ಟರೆ ಬ್ಯಾಂಕಿನ ಮ್ಯಾನೇಜರು ಎರಡು ಸಲ ಓದುತ್ತಾರೆ.

ಗುಳೆ ಮತ್ತು ತನಿಖೆ

ಸ್ಥಳ ತನಿಖೆಗೆ ಬರುವವರು ಗ್ರಾಮ ಆಡಳಿತಾಧಿಕಾರಿ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಇರುತ್ತದೆ. ದುಡಿಯುವವರು ಗುಳೆ ಹೋಗುವಾಗ ಅಂಗವಿಕಲ ಮಗಳನ್ನು ಬಿಟ್ಟು ಹೋಗಲಾಗದೆ ಕರೆದೊಯ್ದಿರುತ್ತಾರೆ. ವರದಿಯಲ್ಲಿ "ಸ್ಥಳದಲ್ಲಿ ವಾಸವಿಲ್ಲ" ಎಂದು ಬರುತ್ತದೆ, ಮಾಸಾಶನ ನಿಲ್ಲುತ್ತದೆ. ಕೆಲವೊಮ್ಮೆ ಪಕ್ಕದ ಮನೆಯವರ ಮಾತು ಕೇಳಿ "ಮೃತ" ಎಂದೇ ಬರೆದುಬಿಡುತ್ತಾರೆ. ಜೀವಂತ ಇರುವವರು ಕಚೇರಿಗೆ ಬಂದು ತಾವು ಸತ್ತಿಲ್ಲ ಎಂದು ಅರ್ಜಿ ಕೊಡಬೇಕಾಗುತ್ತದೆ. ಹೋಗುವ ಮೊದಲು ಎಷ್ಟು ತಿಂಗಳಿಗೆ, ಎಲ್ಲಿಗೆ, ಯಾವ ಫೋನ್ ಸಂಖ್ಯೆ ಎಂದು ಒಂದು ಚೀಟಿ ಬರೆದು ಗ್ರಾಮ ಆಡಳಿತಾಧಿಕಾರಿಗೂ ಪುನರ್ವಸತಿ ಕಾರ್ಯಕರ್ತರಿಗೂ ಕೊಟ್ಟು ಹೋಗುವ ಪದ್ಧತಿ ಮಾಡಿಕೊಳ್ಳಿ. ಚೀಟಿಯ ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ.

ಉಳಿದ ಸೌಲಭ್ಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ವರ್ಷಕ್ಕೆ ₹660 ಕಟ್ಟಿದರೆ ಮನೆಯಿಂದ ನೂರು ಕಿಲೋಮೀಟರ್ ಒಳಗೆ ರಿಯಾಯಿತಿ ಬಸ್ ಪಾಸು, ಸೇವಾ ಸಿಂಧು ಮೂಲಕ ಅರ್ಜಿ. ಅಂಧರಿಗೆ ಪಾಸು ಉಚಿತ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ₹1,000 ಎಂದು 2024–25ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾಗಿದೆ, ಇದನ್ನು ಕೇಳುವವರೇ ಕಡಿಮೆ. ಬಡತನ ನಿರ್ಮೂಲನ ಯೋಜನೆಗಳಲ್ಲಿ, ಮನೆ ಮತ್ತು ನಿವೇಶನ ಹಂಚಿಕೆಯಲ್ಲಿ ಶೇ 5 ಮೀಸಲು ಎಂದು ಕಾಯ್ದೆಯ 37ನೇ ಕಲಮಿದೆ. ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ.

ಈಗ ಮೊದಲಿಗೆ ಬಿಟ್ಟ ಮಾತು. "ಹೊಸ ಅರ್ಜಿ ಹಾಕ್ರಿ" ಅಂದಾಗ ಕೂಡಲೇ ಹಾಕಬೇಡಿ. ಮೊದಲು ನಿಮ್ಮ ಹಳೆಯ ಮಂಜೂರಾತಿ ಈಗ ಯಾವ ಸ್ಥಿತಿಯಲ್ಲಿದೆ ಎಂದು ಕೇಳಿ. ಹಣ ಹೋಗಿ ಬ್ಯಾಂಕಿನಿಂದ ವಾಪಸಾಗಿದೆಯೇ, ತಾತ್ಕಾಲಿಕವಾಗಿ ನಿಲ್ಲಿಸಿದ್ದಾರೆಯೇ, ರದ್ದು ಮಾಡಿದ್ದಾರೆಯೇ? ಮೂರಕ್ಕೂ ಮದ್ದು ಬೇರೆ. ವಾಪಸಾಗಿದ್ದರೆ ಮ್ಯಾಪಿಂಗ್ ಸರಿಮಾಡಿಸಿ, ವಾಪಸಾದ ತಿಂಗಳುಗಳನ್ನು ಹೆಸರಿಸಿ ಮರುಪಾವತಿ ಕೇಳಿ. ತಾತ್ಕಾಲಿಕ ನಿಲುಗಡೆಯಾದರೆ ಕಾರಣದ ದಾಖಲೆ ಕೊಟ್ಟು "ಪುನರಾರಂಭ" ಎಂಬ ಪದವನ್ನೇ ಬರೆದು ಅರ್ಜಿ ಕೊಡಿ. ರದ್ದಾಗಿದ್ದರೆ ರದ್ದತಿ ಆದೇಶದ ನಕಲು ಕೇಳಿ. ನೋಟಿಸ್ ಕೊಡದೆ, ಕಾರಣ ಬರೆಯದೆ ರದ್ದು ಮಾಡಿದ್ದರೆ ಅದೇ ನಿಮ್ಮ ಮೇಲ್ಮನವಿಯ ಮೊದಲ ಅಂಶ. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಹೊಸ ಅರ್ಜಿ ಹಾಕಿದರೆ ಹೊಸ ಆದೇಶ ಬರುತ್ತದೆ, ಆ ಆದೇಶಕ್ಕೆ ಹಿಂದಿನ ತಿಂಗಳುಗಳ ಬಾಕಿ ಅಂಟಿಕೊಂಡು ಬರುವುದಿಲ್ಲ. ಎಂಟು ತಿಂಗಳು ನಿಂತ ₹1,400 ಅಂದರೆ ₹11,200. ಒಂದು ಎಮ್ಮೆಕರುವಿನ ದುಡ್ಡು.

ಏನೇ ಕೊಟ್ಟರೂ ಸಕಾಲ ಸ್ವೀಕೃತಿ ಸಂಖ್ಯೆ ಇಲ್ಲದೆ ಕಚೇರಿ ಬಿಟ್ಟು ಬರಬೇಡಿ. ನಾಡಕಚೇರಿಯಲ್ಲಿ ಉತ್ತರ ಸಿಗದಿದ್ದರೆ ತಹಶೀಲ್ದಾರರಿಗೆ, ಅಲ್ಲಿಂದ ಉಪವಿಭಾಗಾಧಿಕಾರಿಗೆ. ಹೋಬಳಿಯಲ್ಲಿ ಪಿಂಚಣಿ ಅದಾಲತ್ ನಡೆದರೆ ಎಲ್ಲ ಕಾಗದ ಹಿಡಿದು ಅಲ್ಲೇ ಹೋಗಿ, ಆದೇಶ ಮಾಡುವವರು ಎದುರಿಗೇ ಇರುತ್ತಾರೆ. ಕಡತ ಎಲ್ಲಿದೆ ಎಂದೇ ತಿಳಿಯದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ, ಮೂವತ್ತು ದಿನ. ಬಿಪಿಎಲ್ ಇದ್ದವರಿಗೆ ಆ ಹತ್ತು ರೂಪಾಯಿಯೂ ಬೇಡ, ಕಾರ್ಡಿನ ನಕಲು ಸಾಕು. ಕೊನೆಗೆ ವಿಕಲಚೇತನರ ರಾಜ್ಯ ಆಯುಕ್ತರು ಇದ್ದಾರೆ. ಅಧಿಕಾರಿಗಳನ್ನು, ದಾಖಲೆಗಳನ್ನು ಕರೆಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ, ದೂರನ್ನು ಅಂಚೆಯಲ್ಲೂ ಕಳಿಸಬಹುದು. ಕಳಿಸುವಾಗ ಮೂಲ ಕಾಗದ ಕಳಿಸಬೇಡಿ, ನಕಲು ಕಳಿಸಿ.